ಇವತ್ತಿಗಷ್ಟ ಹಚ್ಚ್ರಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಚಹಾದಂಗಡಿಯ ಬೆಂಚು ಮುರಿದು ನಾನು ಕೆಳಗೆ ಬೀಳಲಿ. ಬೆಂಚಿನ ಒಂದು ಕಾಲು ಮೊದಲೇ ಅಲ್ಲಾಡುತ್ತದೆ, ಅದನ್ನು ನೋಡಿಕೊಂಡೇ ಆಣೆ ಇಡುತ್ತಿದ್ದೇನೆ. ನೀವು ಕಾಯುತ್ತಿರುವುದು ಇಳಕಲ್ ಕಡೆಯಿಂದ ಬರುವ ಬಸ್ಸಿಗೆ ತಾನೇ? ನಾನೂ ಅದಕ್ಕೇ ಕಾಯುತ್ತಿದ್ದೇನೆ, ಹತ್ತುವುದಕ್ಕಲ್ಲ. ಅದು ಬರಲು ಇನ್ನೂ ಹೊತ್ತಿದೆ, ಚಹಾ ತಗೊಳ್ಳಿ.

ಒಂದೇ ಕರಾರು. ನಡುನಡುವೆ ಹೂಂ ಅನ್ನಬೇಕು. ಕೇಳುವವರು ಹೂಂ ಅನ್ನದಿದ್ದರೆ ಕಥೆಯೊಳಗಿನ ಜನ ನಿಂತಲ್ಲೇ ನಿಂತುಬಿಡುತ್ತಾರೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಒಮ್ಮೊಮ್ಮೆ ನಾನೇ ಹೂಂ ಅಂದರೆ ಗಾಬರಿಯಾಗಬೇಡಿ. ಅದು ನಿಮಗಲ್ಲ, ಕಿವಿಯಲ್ಲಿರುವ ಈ ಮಣಿಗೆ.

ನನ್ನ ಹೆಸರು ಅಡಿವೆಪ್ಪ. ಅಗೋ ಅಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದಲ್ಲ, ಆ ಹಾಲಗಟ್ಟಿಯವನು. ಎಷ್ಟು ಕಿವಿಗೊಟ್ಟರೂ ಊರಿನಿಂದ ಸದ್ದು ಬರುತ್ತಿಲ್ಲ, ಗಮನಿಸಿದಿರಾ? ಮೊದಲು ಹೀಗಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಟೇಪು, ಮದುವೆಯ ಬ್ಯಾಂಡು, ಓಣಿಗೊಂದು ಧ್ವನಿವರ್ಧಕ. ನಾಯಿಗಳು ಬೊಗಳಿ ಪ್ರಯೋಜನವಿಲ್ಲವೆಂದು ತಿಳಿದು, ಕಳ್ಳ ಬಂದರೆ ಮಲಗಿದವರ ಧೋತರ ಹಿಡಿದು ಎಳೆಯುವುದನ್ನು ಕಲಿತಿದ್ದವು. ಹೀಗೇ ಬಿಟ್ಟರೆ ಅರ್ಧ ಊರು ಕಿವುಡಾಗುತ್ತದೆ ಅಂತ ಡಾಕ್ಟರು ಹೇಳಿದರು. ಉಳಿದರ್ಧ ಊರಿಗೆ ಅದು ಕೇಳಿಸಲಿಲ್ಲ.

ಆಗ ಒಬ್ಬ ವಿಜ್ಞಾನಿ ಮೌನಗಾರೆ ಕಂಡುಹಿಡಿದ. ಸುಣ್ಣ, ಜೇಡಿ, ಮತ್ತೆ ಯಾವುದೋ ಬೂದಿ. ಆ ಗಾರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಒಳಗೆ ಹೋದ ಸದ್ದು ಹೊರಗೆ ಬರುವ ದಾರಿ ತಿಳಿಯದೆ ತಿರುಗಿ ತಿರುಗಿ ಕಾವಾಗಿ ಕರಗಿಹೋಗುತ್ತದೆ. ಗೋಡೆಗೆ, ಬೀದಿಗೆ, ಗುಡಿಯ ಪೌಳಿಗೆ, ಎಲ್ಲ ಕಡೆ ಬಳಿದರು. ಬಾಯಿಂದ ಹೊರಟ ಮಾತು ಒಂದು ಗೇಣು ಹೋಗಿ ಮಾಯ. ಹೆಚ್ಚು ಮಾತಾಡುವವರ ಮನೆಯ ಗೋಡೆ ಬೆಚ್ಚಗಿರುತ್ತದೆ. ಜಗಳಗಂಟರ ಗೋಡೆಯ ಮೇಲೆ ರೊಟ್ಟಿ ಸುಡಬಹುದು ಅಂತ ಜನ ಉತ್ಪ್ರೇಕ್ಷೆ ಮಾಡುತ್ತಾರೆ. ನಾನು ಸುಟ್ಟದ್ದು ಒಂದೇ ಸಲ. ನನ್ನ ಕೋಣೆಯ ಗೋಡೆ ಮಾತ್ರ ಯಾವಾಗಲೂ ತಣ್ಣಗೆ. ನನಗೆ ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಅವಲಕ್ಕಿ ಚೆನ್ನಾಗಿತ್ತು, ಅಷ್ಟೇ.

ಮಾತಿಲ್ಲದೆ ಊರು ನಡೆಯುತ್ತದೆಯೇ? ಅದಕ್ಕೆ ಧ್ವನಿ ಕಚೇರಿ ತೆಗೆದರು, ಮೆಣಸಿನಕಾಯಿ ಇಡುತ್ತಿದ್ದ ಹಳೆಯ ಕೋಲ್ಡ್ ಸ್ಟೋರೇಜಿನಲ್ಲಿ. ಅಲ್ಲೊಂದು ದೊಡ್ಡ ಎಸ್‌ಕ್ಯೂಎಲ್ ಡೇಟಾಬೇಸು. ಎಲ್ಲರ ಕಿವಿಗೂ ಇಂಥದೊಂದು ಮಣಿ. ನೀವು ಆಡಿದ ಮಾತು ಆ ಡೇಟಾಬೇಸಿನ ಕೋಷ್ಟಕದಲ್ಲಿ ಒಂದು ಸಾಲಾಗಿ ಕೂರುತ್ತದೆ, ಯಾರಿಗೆ ಆಡಿದಿರೋ ಅವರ ಮಣಿ ಅದನ್ನು ಓದಿ ಹೇಳುತ್ತದೆ. ಬೆಳಗ್ಗೆ ಮಣಿ ಹಾಕಿದರೆ ನಿಮ್ಮ ಸೆಷನ್ ಶುರು, ತೆಗೆದಿಟ್ಟರೆ ಮುಗಿಯಿತು. ಆ ನಡುವೆ ಸೆಟ್ಟಿಂಗು ನಿಮಗೆ ಬೇಕಾದ ಹಾಗೆ. ಮಾತು ನಿಧಾನಕ್ಕೆ ಬರಬೇಕೇ, ಜೋರಾಗಿ ಬರಬೇಕೇ, ತಾರೀಕು ಹೇಳಬೇಕೇ, ತಿಥಿ ಹೇಳಬೇಕೇ, ಎಲ್ಲ. ಒಬ್ಬ ಅಳಿಯ ಅತ್ತೆಯ ಮಾತನ್ನು ನಾಲ್ಕು ಪಟ್ಟು ವೇಗಕ್ಕೆ ಇಟ್ಟುಕೊಂಡಿದ್ದ, ಬೇಗ ಮುಗಿಯಲಿ ಅಂತ. ಆದರೆ ಈ ಸೆಟ್ಟಿಂಗೆಲ್ಲ ಆ ಸೆಷನ್ನಿಗೆ ಮಾತ್ರ. ಮಣಿ ತೆಗೆದರೆ ಅಳಿಸಿಹೋಗಿ ಊರಿಗೆಲ್ಲ ಒಂದೇ ಇರುವ ಮೂಲ ಸ್ಥಿತಿಗೆ ಬರುತ್ತದೆ. ಮರುದಿನ ಮತ್ತೆ ಮೊದಲಿಂದ ಹಚ್ಚಬೇಕು.

ನಮ್ಮ ಎಂಜಿನಿಯರು ನದಾಫ ಮೇಡಂ. ಬುದ್ಧಿವಂತೆ, ಮೆಣಸಿನ ಘಾಟಿಗೆ ಸೀನುತ್ತಲೇ ಪ್ರೋಗ್ರಾಂ ಬರೆಯುತ್ತಿದ್ದರು. ನಾನು ಅವರ ಕೈಕೆಳಗಿನ ಆಪರೇಟರು. ಇಷ್ಟೆಲ್ಲ ಯೋಚಿಸಿ ಮಣಿ ಮಾಡಿದ ಕಂಪನಿಯವರು ಒಂದನ್ನು ಮರೆತಿದ್ದರು. ಮಾತಿಗೆ ಮೊದಲು ಹೆಸರು ಹೇಳಬೇಕು, ಆಗಲೇ ಅದು ಯಾರಿಗೆ ಹೋಗಬೇಕೆಂದು ಯಂತ್ರಕ್ಕೆ ತಿಳಿಯುವುದು. ಹಾಲಗಟ್ಟಿಯ ಯಾವ ಹೆಂಗಸು ಗಂಡನ ಹೆಸರು ಹೇಳುತ್ತಾಳೆ?

ಮೊದಲ ದಿನ ಊರಿನ ಗಂಡಸರೆಲ್ಲ ಊಟಕ್ಕೆ ಕರೆಯುವುದನ್ನು ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದರು. ಒಳಗಿನಿಂದ ಹೆಂಡಂದಿರು ಕರೆಯುತ್ತಲೇ ಇದ್ದರು, ಗೋಡೆ ಬಿಸಿಯಾಗುತ್ತಲೇ ಇತ್ತು. ಒಬ್ಬಾಕೆ ಧೈರ್ಯ ಮಾಡಿ, ಮದುವೆಯಲ್ಲಿ ಹೇಳುವ ಹಾಗೆ ಒಡಪಿನಲ್ಲಿಟ್ಟು ಹೇಳಿದಳು: “ಹಿತ್ತಲಾಗ ಹೀರಿ ಬಳ್ಳಿ, ಅಂಗಳಾಗ ಮಲ್ಲಿಗಿ ಬಳ್ಳಿ, ನಿಂಗನಗೌಡ್ರು ಬಂದ್ರ ನಾ ಬಾಗಿಲ ಹಿಂದ ಮಳ್ಳಿ.” ಯಂತ್ರ ಅಷ್ಟನ್ನೂ ಒಂದೇ ಹೆಸರೆಂದು ತಿಳಿದು ಹೊಸ ಮನುಷ್ಯನನ್ನು ನಮೂದು ಮಾಡಿಕೊಂಡಿತು. ಆತ ಇಂದಿಗೂ ನಮ್ಮ ಜನಸಂಖ್ಯೆಯಲ್ಲಿದ್ದಾನೆ. ಎರಡು ಸಲ ಮತದಾನವನ್ನೂ ಮಾಡಿದ್ದಾನೆ.

ಮೇಡಂ ದಾರಿ ಹುಡುಕಿದರು. ಹೆಸರಿಲ್ಲದ ಮಾತು ಯಾರಿಗೆ ಹೋಗಬೇಕೆಂಬುದನ್ನೇ ಒಂದು ಸೆಟ್ಟಿಂಗು ಮಾಡಿದರು. ಬೆಳಗ್ಗೆ ಒಮ್ಮೆ ಅಲ್ಲಿ ಗಂಡನ ಹೆಸರು ಹಚ್ಚಿಬಿಟ್ಟರೆ, ಆಮೇಲೆ ಬರೀ ‘ಊಟಕ್ಕ ಬರ್ರಿ’ ಅಂದರೂ ಅವನಿಗೇ ತಲುಪುತ್ತದೆ. ಆದರೆ ಹಚ್ಚುವಾಗ ಹೆಸರು ಹೇಳಲೇಬೇಕಲ್ಲ. ಅದನ್ನು ಹೇಳುವುದಕ್ಕೆ ಕಚೇರಿಯಲ್ಲಿ ಒಂದು ಕಿಟಕಿ ತೆರೆದು ನನ್ನನ್ನು ಕೂರಿಸಿದರು. ಹೆಂಗಸರು ಸಾಲಾಗಿ ಬಂದು ‘ಅಡಿವೆಪ್ಪಾರ, ನಮ್ಮವರದು ಹಚ್ಚ್ರಿ’ ಅನ್ನುವುದು, ನಾನು ಮುಖ ನೋಡಿ ಹೆಸರು ಹೇಳುವುದು. ಒಂದೆರಡು ಸಲ ತಪ್ಪು ಹೆಸರು ಹೇಳಿದ್ದೇನೆ. ಅದರಿಂದಾದ ಒಳ್ಳೆಯದು ಕೆಟ್ಟದ್ದರ ಮಾತು ಈಗ ಬೇಡ.

ಹೂಂ.

ಇದು ಮಣಿಗೆ. ನೀವೂ ಅನ್ನಿ.

ಎಷ್ಟು ದಿನ ಹೀಗೆ ಸಾಲು ನಿಲ್ಲಿಸುವುದು? ಮೇಡಂ ಒಂದು ದಿನ ‘ಕಾಯಂ’ ಅನ್ನುವ ಗುಂಡಿ ಮಾಡಿದರು. ಒಮ್ಮೆ ಒತ್ತಿದರೆ ಮುಗಿಯಿತು, ಮಣಿ ತೆಗೆದರೂ ಹೆಸರು ಹೋಗುವುದಿಲ್ಲ. ಕೇಳಿದವರಿಗೆಲ್ಲ ಒತ್ತಿದೆವು. ಮರುದಿನ ಬೆಳಗ್ಗೆ ಕಿಟಕಿಯಲ್ಲಿ ಕೂತು ಅಂಗಳ ನೋಡಿದೆ, ಸಾಲಿರಲಿಲ್ಲ. ಅಂಗಳದಲ್ಲಿ ಕಸ್ತೂರೆವ್ವ ಒಬ್ಬಳೇ ನಿಂತಿದ್ದಳು.

ಕಸ್ತೂರೆವ್ವ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ತುಂಡು ತುಂಡಾಗಿ ಜೋಡಿಸಿ ದಿನವಿಡೀ ಒಬ್ಬಳೇ ಹೊಲಿಯುತ್ತ ಕೂರುತ್ತಿದ್ದಳು. ಗಂಡ ಬಸವಂತಪ್ಪ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಿದ್ದ. ಮೌನಗಾರೆ ಬಳಿದ ಮೇಲೆ ಅವನು ಊದಿದರೆ ಗಲ್ಲ ಉಬ್ಬುತ್ತಿತ್ತು, ಸ್ವರ ಗೇಣು ದೂರ ಹೋಗಿ ಬೀಳುತ್ತಿತ್ತು. ಮಣಿಯಲ್ಲಾದರೂ ಕಳಿಸೋಣವೆಂದರೆ ನಮ್ಮ ಕೋಷ್ಟಕದಲ್ಲಿ ಮಾತಿಗೆ ಜಾಗವಿತ್ತು, ರಾಗಕ್ಕೆ ಇರಲಿಲ್ಲ. ಒಂದು ದಿನ ಕಿಟಕಿಗೆ ಬಂದು, ತನ್ನ ಮಣಿ ಬಿಚ್ಚಿ ನನ್ನ ಮುಂದಿಟ್ಟು, ಊರು ಬಿಟ್ಟ. ಮನೆಯಲ್ಲಿ ಹೇಳಿಯೂ ಹೋಗಲಿಲ್ಲ.

“ಕಸ್ತೂರೆವ್ವಾರ, ಇನ್ನ ದಿನಾ ಬರೂದು ಬ್ಯಾಡ್ರಿ” ಅಂದೆ. “ಕಾಯಂ ಮಾಡಿಬಿಡ್ತೀನಿ.”

“ಬ್ಯಾಡ್ರಿ ಅಡಿವೆಪ್ಪಾರ. ಇವತ್ತಿಗಷ್ಟ ಹಚ್ಚ್ರಿ.”

“ಯಾಕ್ರಿ?”

“ಕಾಯಂ ಅಂದ್ರ, ಎದುರಿಗಿಲ್ಲದಾವನ ಕೂಡ ಕಾಯಂ ಮಾತಾಡು ಅಂದಂಗಾತಲ್ರಿ. ನಾಳಿ ಮನಿಗೇ ಬಂದ್ರ? ಗೇಣು ದೂರದಾಗ ಕುಂತ್ರ, ಮಣಿ ಯಾಕ ಬೇಕು?”

ಹಚ್ಚಿದೆ. ದಿನಾ ಬಂದಳು, ದಿನಾ ಅದೇ ಮಾತು, ಇವತ್ತಿಗಷ್ಟ. ಮನೆಗೆ ಹೋಗಿ ಕೌದಿ ಹೊಲಿಯುತ್ತ ಗಂಡನಿಗೆ ಎಲ್ಲ ಹೇಳುತ್ತಿದ್ದಳು. ಅವಳ ಮನೆಯ ಗೋಡೆ, ಒಬ್ಬಳೇ ಇದ್ದರೂ, ಮಕ್ಕಳಿರುವ ಮನೆಯ ಗೋಡೆಯ ಹಾಗೆ ಬೆಚ್ಚಗಿರುತ್ತಿತ್ತಂತೆ.

ತೊಡಕು ಬೇರೆ ಕಡೆ ಇತ್ತು. ಯಾರ ಹೆಸರು ಹಚ್ಚಿದ್ದೀರೋ ಅವರಿಂದ ಬಹಳ ಹೊತ್ತು ಒಂದು ಹೂಂ ಕೂಡ ಬರದಿದ್ದರೆ, ಈ ಸೆಷನ್ನಿನಲ್ಲಿ ಯಾರೂ ಇಲ್ಲವೆಂದು ತಿಳಿದು ಯಂತ್ರ ಅದನ್ನು ಮುಚ್ಚಿಬಿಡುತ್ತದೆ. ಹಾಗೆ ಮುಚ್ಚದಿದ್ದರೆ ಹೊಸಬರಿಗೆ ಜಾಗ ಸಾಲುವುದಿಲ್ಲ. ಕಸ್ತೂರೆವ್ವನ ಸೆಷನ್ ದಿನಾ ಮಧ್ಯಾಹ್ನಕ್ಕೆ ಸತ್ತುಹೋಗುತ್ತಿತ್ತು, ಆಮೇಲೆ ಅವಳ ಮಾತು ಯಾರಿಗೂ ಮುಟ್ಟುತ್ತಿರಲಿಲ್ಲ. ಒಂದು ದಿನ ಸಂತೆಯಲ್ಲಿ ನಾನೇ ನೋಡಿದೆ. ಮೆಂತ್ಯ ಸೊಪ್ಪಿನವಳ ಮುಂದೆ ನಿಂತು ಬಾಯಿ ಆಡಿಸುತ್ತಿದ್ದಾಳೆ, ಸೊಪ್ಪಿನವಳಿಗೆ ಏನೂ ಕೇಳುತ್ತಿಲ್ಲ, ಅವಳು ಆಚೆಯವರಿಗೆ ತೂಗಿ ಕೊಡುತ್ತಿದ್ದಾಳೆ. ಕಸ್ತೂರೆವ್ವ ಖಾಲಿ ಚೀಲ ಮಡಚಿಕೊಂಡು ಹೋದಳು. ಕೈಯೆತ್ತಿ ಕರೆಯಲೂ ಇಲ್ಲ.

“ಮೇಡಂ, ಅಕಿ ಒಬ್ಬಾಕಿಗೆ ಸೆಷನ್ ಮುಚ್ಚೂ ಹೊತ್ತು ಹೆಚ್ಚು ಮಾಡಾಕ ಬರ್ತೈತೇನ್ರಿ?”

“ಅದೊಂದು ಸೆಷನ್‌ದಾಗ ಇಲ್ಲ ಅಡಿವೆಪ್ಪ. ಊರಿಗೆಲ್ಲಾ ಒಂದ. ಮುಟ್ಟಾಕ ನನಗೂ ಪರವಾನಗಿ ಇಲ್ಲ.” ಸೀನಿದರು. “ಅಕಿ ಗಂಡ ಒಂದ ಹೂಂ ಅಂದ್ರ ಆತು.”

“ಅಂವ ಇಲ್ಲಲ್ರಿ.”

“ಯಂತ್ರಕ್ಕ ಅಂವ ಬ್ಯಾಡ. ಹೂಂ ಸಾಕು” ಅಂದು, ಬಸವಂತಪ್ಪನ ಮಣಿ ಇಟ್ಟಿದ್ದ ಡ್ರಾಯರಿನ ಕಡೆ ನೋಡಿ, ನೀರು ಕುಡಿಯಲು ಎದ್ದುಹೋದರು.

ಒಂದು ಕಿವಿಗೆ ನನ್ನ ಮಣಿ, ಇನ್ನೊಂದಕ್ಕೆ ಅವನದು. ಹಾಕಿದ ತಕ್ಷಣ ಅವಳ ದನಿ ಬಂತು. ಹೋಳಿಗೆ ಮಾಡಿದ್ದಳಂತೆ, ಒಬ್ಬಳಿಗಾಗಿ ಮಾಡಿದರೆ ಕಣಕ ಕೇಳುವುದಿಲ್ಲವಂತೆ, ಹರಿಯುತ್ತದಂತೆ. ಸೂಜಿಯ ಕಣ್ಣು ಈಚೆಗೆ ಸಣ್ಣದಾಗಿದೆಯಂತೆ. ಬಿಡುವು ಸಿಕ್ಕಾಗ ನಾನು ಹೂಂ ಅಂದೆ. ಆ ಕಡೆಯ ಮಾತು ಸ್ವಲ್ಪ ಮೆಲ್ಲಗಾಯಿತು.

ಮರುದಿನ ಕಿಟಕಿಗೆ ಬಂದಳು.

“ಅಡಿವೆಪ್ಪಾರ, ನಿನ್ನೆ ನನ್ನ ಮಣಿ ಹೂಂ ಅಂತು.”

“ಹೌದ? ಯಂತ್ರ ನೋಡ್ರಿ. ಒಮ್ಮೊಮ್ಮೆ ಅಂತೈತಿ.”

“ನಮ್ಮವರು ಲಗ್ನಾದಾಗಿಂದ ಒಮ್ಮೆನೂ ಹೂಂ ಅಂದಾವರಲ್ಲ. ಯಾವಾಗ್ಲೂ ಬಾಯಾಗ ಕ್ಲಾರ್ನೆಟ್.”

“ಊರು ಬಿಟ್ಟ ಮ್ಯಾಲ ಕಲ್ತಿರಬೇಕ್ರಿ.”

“ಸೀನಿದ್ದೂ ಕೇಳಿಸ್ತು.”

“ಅಲ್ಲೆನೂ ಮೆಣಸಿನಕಾಯಿ ಇರಬೇಕು.”

ಅವಳು ನನ್ನ ಎರಡು ಕಿವಿಗಳನ್ನೂ ಒಂದಾದ ಮೇಲೊಂದು ನೋಡಿದಳು. “ಇರ್ಲಿ ಬಿಡ್ರಿ. ಇವತ್ತಿಗಷ್ಟ ಹಚ್ಚ್ರಿ. ಹೂಂ ಅನ್ನಾವರಿಗೆ ಒಂದ ಮಾತು ಹೇಳ್ರಿ, ಜರಾ ತಡದು ಅನ್ರಿ ಅಂತ. ನಾ ಮಾತು ಮುಗಿಸೂದ್ರಾಗ ಅಂತಾರ.”

ಅಂದಿನಿಂದ ತಡೆದು ಅಂದೆ. ಅವಳ ಸೆಷನ್ ಸಂಜೆಯವರೆಗೂ ಬದುಕುತ್ತಿತ್ತು, ಸೊಪ್ಪಿನವಳು ಮೆಂತ್ಯ ಕೊಡುತ್ತಿದ್ದಳು. ಕಿಟಕಿಯಲ್ಲಿ ನಮ್ಮ ಮಾತು ಅಷ್ಟಕ್ಕಷ್ಟೇ. ಉಳಿದದ್ದೆಲ್ಲ ಅವಳು ಬಸವಂತಪ್ಪನಿಗೆ ಹೇಳುತ್ತಿದ್ದಳು, ಬಸವಂತಪ್ಪನ ಪರವಾಗಿ ನಾನು ಹೂಂ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವನಿಗೆ ಹೇಳಿದಳು, “ಕಿಟಕ್ಯಾಗ ಒಬ್ಬರು ಕೂಡ್ತಾರ ನೋಡ್ರಿ, ಅವರ ಅಂಗಿಗೆ ಗುಂಡಿ ಇಲ್ಲ. ಹೇಳಾವರರ ಯಾರದಾರ.” ನಾನು ಮನೆಗೆ ಹೋಗಿ ಗುಂಡಿ ಹಚ್ಚಿಕೊಂಡೆ. ಮರುದಿನ ಬೆಳಗ್ಗೆ ಕಿಟಕಿಯಲ್ಲಿ ನೋಡಿದಳು. ಮಧ್ಯಾಹ್ನ ಗಂಡನಿಗೆ ಹೇಳಿದಳು, “ಬಿಳಿ ಅಂಗಿಗೆ ಕರೀ ದಾರ ಹಾಕ್ಯಾರ.”

ಹೂಂ ಅಂದೆ. ಇನ್ನೇನನ್ನಲಿ, ಬಸವಂತಪ್ಪನ ಬಾಯಲ್ಲಿ?

ಸಂಜೆ ಅವಳು ಮಣಿ ತೆಗೆದಿಟ್ಟರೆ ನನ್ನ ಎರಡೂ ಕಿವಿ ಖಾಲಿ. ಕೋಣೆಗೆ ಹೋಗಿ ಅನ್ನಕ್ಕಿಡುತ್ತಿದ್ದೆ. ನನ್ನ ಸೆಟ್ಟಿಂಗಿನಲ್ಲಿ ಹೆಸರು ಹಚ್ಚುವ ಜಾಗ ಖಾಲಿಯಿತ್ತು, ಹಾಗಾಗಿ ಅನ್ನ ಉಕ್ಕಿ ಅಯ್ಯೋ ಅಂದರೆ ಅದು ಯಾರಿಗೂ ಹೋಗದೆ ಒಲೆಯ ಪಕ್ಕವೇ ಬೀಳುತ್ತಿತ್ತು. ಒಮ್ಮೊಮ್ಮೆ ಗೋಡೆಗೆ ಕೈಯಿಟ್ಟು ನೋಡುತ್ತಿದ್ದೆ. ಅಯ್ಯೋ ಅನ್ನುವಷ್ಟಕ್ಕೆ ಬೆಚ್ಚಗಾಗುವ ಗೋಡೆಯಲ್ಲ ಅದು.

ಹೂಂ.

ಆಮೇಲೆ ಕೌದಿ ಕೊಳ್ಳಲು ಬಂದ ಯಾರೋ ಸುದ್ದಿ ತಂದರು. ಬಸವಂತಪ್ಪ ಇಳಕಲ್ಲಿನಲ್ಲಿ ಬ್ಯಾಂಡು ಸೇರಿದ್ದಾನೆ, ಚೆನ್ನಾಗಿದ್ದಾನೆ, ಸ್ವರ ಅರ್ಧ ಊರಿಗೆ ಕೇಳುತ್ತದೆ. ಅಂದು ಕಸ್ತೂರೆವ್ವ ಮಣಿಯಲ್ಲಿ ಗಂಡನಿಗೆ ಏನೂ ಹೇಳಲಿಲ್ಲ. ನಾನು ಸುಮ್ಮನೆ ಮೌನಕ್ಕೇ ಹೂಂ ಅನ್ನುತ್ತ ಕೂತೆ.

ಮರುದಿನ ಬೆಳಗ್ಗೆ ಕೈಚೀಲ ಹಿಡಿದು ಕಿಟಕಿಗೆ ಬಂದಳು. ತುಟಿ ಆಡಿಸಿದಳು. ಏನೂ ಕೇಳಲಿಲ್ಲ. ಮಣಿ ಕೆಟ್ಟಿತೆಂದು ತಟ್ಟಿ ನೋಡಿದೆ. ಮತ್ತೆ ತುಟಿ ಆಡಿಸಿದಳು. ಆಗ ಹೊಳೆಯಿತು, ದಿನಾ ಮೊದಲು ‘ಅಡಿವೆಪ್ಪಾರ’ ಅನ್ನುತ್ತಿದ್ದವಳು ಇವತ್ತು ಅನ್ನುತ್ತಿಲ್ಲ. ಹೆಸರಿಲ್ಲದೆ ಮಾತು ಹೇಗೆ ಬಂದೀತು?

“ಕಸ್ತೂರೆವ್ವಾರ, ಮೊದಲ ಹೆಸರು ಹೇಳ್ರಿ” ಅಂದೆ.

ಅಲ್ಲವೆಂದು ತಲೆಯಾಡಿಸಿದಳು. ಹತ್ತಿರ ಬಂದು, ಸರಳಿಗೆ ಮುಖ ಹಚ್ಚಿ ನಿಂತಳು. ನನ್ನ ಕಿವಿಗೂ ಅವಳ ಬಾಯಿಗೂ ಒಂದು ಗೇಣಿನೊಳಗೇ ಇತ್ತು. ಮಣಿಯಿಲ್ಲದೆ ಅವಳ ದನಿ ಕೇಳಿದ್ದು ಅದೇ ಮೊದಲು. ಸ್ವಲ್ಪ ಒರಟು ದನಿ.

“ಇವತ್ತಿಗಷ್ಟ ಹಚ್ಚ್ರಿ.”

“ಬಸವಂತಪ್ಪನವರ ಹೆಸರ ಹೌದಲ್ರಿ?”

“ಬಸವಂತಪ್ಪಂದು ಬ್ಯಾಡ.”

ಆ ಕಿಟಕಿಯಲ್ಲಿ ಯಾವ ಹೆಂಗಸೂ ಗಂಡನ ಹೆಸರನ್ನು ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಬದನೆಕಾಯಿ ಬೇಡ ಅಂದ ಹಾಗೆ ಅಂದಳು.

“ಮತ್ತ ಯಾರದ್ರಿ?”

“ಅದನ್ನ ನಾ ಹೇಳಾಕ ಬರೂದಿಲ್ಲ.”

ನಾನು ಸೀನಿದೆ. ಉತ್ತರಕ್ಕೆ ಸಮಯ ಬೇಕಾದಾಗ ಸೀನುವುದು ನಮ್ಮ ಕಚೇರಿಯ ಪದ್ಧತಿ. ಅವಳು ಕಾದಳು.

“ಇಳಕಲ್ಲಿಗೆ ಹೋಗಿ ಬರ್ತೀನ್ರಿ. ಅವನ ಮಾರಿ ನೋಡಿ ಹೇಳಿ ಬರಬೇಕು. ಹೇಳದ ಹೋಗೂದು ಅವನ ಪದ್ಧತಿ, ನನ್ನದಲ್ಲ.”

“ಎಂದ ಬರ್ತೀರಿ?”

“ಇವತ್ತಿಗಷ್ಟ ಅಂದೆನಲ್ರಿ. ಮಣಿ ತಗಿಯೂದಿಲ್ಲ ನಾ. ತಗೀದಿದ್ರ ಇವತ್ತು ಮುಗಿಯೂದಿಲ್ಲ. ಹೌದಿಲ್ಲೋ?”

ತಾಂತ್ರಿಕವಾಗಿ ಅದು ಸರಿ. ಯಂತ್ರದ ಕಡೆ ತಿರುಗಿ ಹೆಸರು ಹೇಳಿದೆ. ಊರಿನ ಗಂಡಂದಿರ ಹೆಸರನ್ನೆಲ್ಲ ನೀರು ಕುಡಿದ ಹಾಗೆ ಹೇಳಿದವನು ನಾನು. ಆದರೆ ನನ್ನ ಹೆಸರು ನನ್ನ ಬಾಯಿಂದ ಹೊರಟಾಗ ಯಂತ್ರಕ್ಕೆ ತಿಳಿಯದೆ ಮತ್ತೊಮ್ಮೆ ಹೇಳಿ ಅಂತು. ಮತ್ತೊಮ್ಮೆ ಹೇಳಿದೆ.

ಇಲ್ಲಿಯವರೆಗೆ ಇಬ್ಬರೂ ನಡೆದು ಬಂದೆವು. ದಾರಿಯಲ್ಲಿ ಅವಳು ಹೆಸರು ಹಿಡಿಯದೆ ಮಾತಾಡಿದ್ದೆಲ್ಲ ನನ್ನ ಮಣಿಗೇ ಬಂತು. ಹೆಚ್ಚೇನಿಲ್ಲ, ಬಿಸಿಲು ಜೋರಿದೆ, ಅಂಗಿಗೆ ಬಿಳಿ ದಾರ ಹಾಕಿಕೊಡುತ್ತೇನೆ, ಇಂಥವು. ಈ ಬೆಂಚಿನ ಆಚೆಗೆ ಮಣಿ ಕೆಲಸ ಮಾಡುವುದಿಲ್ಲ, ಅದರ ಕೊನೆಯ ಗಡಿ ಇದೇ. ಅವಳು ಗಡಿ ದಾಟಿದರೂ, ಮಣಿ ತೆಗೆಯದೇ ಹೋದದ್ದರಿಂದ ಕಚೇರಿಯ ಪರದೆಯ ಮೇಲೆ ಅವಳ ದೀಪ ಹಸಿರಾಗಿಯೇ ಉಳಿಯಿತು. ಹೆಸರು ಹಚ್ಚಿದ್ದು ನನ್ನದು. ಹೂಂ ಅನ್ನಬೇಕಾದವನೂ ನಾನೇ. ಅನ್ನುವವರೆಗೆ ಅದು ಮುಚ್ಚುವುದಿಲ್ಲ. ಆ ಕಡೆಯಿಂದ ಮಾತಿಲ್ಲ, ಉಸಿರಿಲ್ಲ. ನಾನು ಅನ್ನುತ್ತೇನೆ. ಆಮೇಲೆ ಮಳೆಗಾಲ ಮುಗಿಯಿತು, ಜೋಳ ಬಿತ್ತಿದರು, ಈಗ ನೋಡಿ ಕೊಯ್ದೂ ಆಯಿತು. ನಮ್ಮಿಬ್ಬರಿಗೆ ಇನ್ನೂ ಅದೇ ದಿನ ನಡೆದಿದೆ. ಮಣಿ ತೆಗೆಯದೆ ನಿದ್ದೆಯಲ್ಲೂ ಹೂಂ ಅನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ನಂಬಿಕೆಯಿಲ್ಲದಿದ್ದರೆ ಚಹಾದಂಗಡಿಯವನನ್ನು ಕೇಳಿ, ಇದೇ ಬೆಂಚಿನ ಮೇಲೆ ಮಲಗಿದ್ದನ್ನು ನೋಡಿದ್ದಾನೆ.

ಇಂದು ಬೆಳಗ್ಗೆ ನದಾಫ ಮೇಡಂ ಕರೆದರು.

“ಅಡಿವೆಪ್ಪ, ಸರ್ವರ್ ಆರಿಸಿ ಹಚ್ಚಬೇಕು. ಘಾಟು ಕೂತೈತಿ, ಧೂಳು ಕೂತೈತಿ ಅಂತ ಇಷ್ಟ ದಿನ ಮುಂದ ಹಾಕಿದೆ. ಇನ್ನ ನನ್ನ ಕೈಯಾಗಿಲ್ಲ. ಇವತ್ತ ಸಂಜಿಗೆ, ಇಳಕಲ್ ಬಸ್ ಬಂದು ಹೋದ ಮ್ಯಾಲ ಆರಿಸ್ತೀನಿ.”

“ಆರಿಸಿದ್ರ ಏನಾಕ್ಕೈತ್ರಿ?”

“ಎಲ್ಲಾ ಸೆಷನ್ ಮುಚ್ತಾವು. ಕಾಯಂ ಮಾಡಿದ್ದು ಉಳೀತಾವು.”

“ಇವತ್ತಿಗಷ್ಟ ಹಚ್ಚಿದ್ದು?”

ಅವರು ಪರದೆಯ ಮೇಲಿನ ಆ ಒಂದು ಹಸಿರು ದೀಪ ನೋಡಿದರು. “ಕಾಯಂ ಮಾಡ್ಲ್ಯಾ? ಒಂದ ಗುಂಡಿ. ಯಾರಿಗೂ ಗೊತ್ತಾಗೂದಿಲ್ಲ.”

“ಅಕಿನ್ನ ಕೇಳ್ದ ಹೆಂಗ ಮಾಡೂದ್ರಿ ಮೇಡಂ?” ಅಂದೆ. ಅವರು ಸೀನಿದರು. ಇಂದು ಘಾಟಿರಲಿಲ್ಲ.

ಹೂಂ.

ಅದಕ್ಕೇ ಇವತ್ತು ಬೇಗ ಬಂದು ಕೂತಿದ್ದೇನೆ. ಹಾಗಂತ ನನಗೇನೂ ಅನುಮಾನವಿಲ್ಲ. ಯಾಕೆಂದರೆ ಅಂದು ಅವಳು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅಗೋ ಅಲ್ಲಿ, ಆ ಬೇವಿನ ಮರದ ಹತ್ತಿರವೇ, ಹೊರಳಿ ನನ್ನನ್ನು ನೋಡಿ ಹೇಳಿದ್ದು ಏನಪ್ಪಾ ಅಂದರೆ, ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ, ಅವಳು ಹೇಳಿದ್ದು

ಎದ್ದಿರಾ. ಬಂತೇ ಬಸ್ಸು. ಹೋಗಿ, ಹೋಗಿ. ಇಳಿಯುವವರಿಗೆ ಸ್ವಲ್ಪ ದಾರಿ ಬಿಟ್ಟು ಹತ್ತಿ.

ಹೂಂ.